ಮಗುವಿನ ಹಲ್ಲಿಗೆ ಕ್ಲಿಪ್: ಮೊದಲ ಭೇಟಿಗೆ ಮುನ್ನ ತಿಳಿಯಬೇಕಾದದ್ದು

ಮಗುವಿನ ಹಲ್ಲು ಉಬ್ಬಿ ಬಂದಾಗ, ಒಂದರ ಮೇಲೊಂದು ಏರಿ ಬೆಳೆದಾಗ, ಮೇಲಿನ ದವಡೆಗೂ ಕೆಳಗಿನ ದವಡೆಗೂ ಹೊಂದಿಕೆಯಾಗದಿದ್ದಾಗ ಮಾಡುವ ಚಿಕಿತ್ಸೆ ವಕ್ರದಂತ ಚಿಕಿತ್ಸೆ. ಜನ ಇದನ್ನು ಕ್ಲಿಪ್ ಹಾಕಿಸುವುದು, ತಂತಿ ಹಾಕಿಸುವುದು ಎನ್ನುತ್ತಾರೆ. ಹುಳುಕು ಹಲ್ಲು ಕೀಳಿಸಿದಂತೆ ಒಂದೇ ದಿನಕ್ಕೆ ಮುಗಿಯುವ ಕೆಲಸ ಇದಲ್ಲ. ಪೂರ್ತಿ ಚಿಕಿತ್ಸೆಗೆ ಸಾಮಾನ್ಯವಾಗಿ ಒಂದೂವರೆಯಿಂದ ಎರಡು ವರ್ಷ ಹಿಡಿಯುತ್ತದೆ. ಅಷ್ಟೂ ಕಾಲ ನಾಲ್ಕರಿಂದ ಆರು ವಾರಕ್ಕೊಮ್ಮೆ ವೈದ್ಯರ ಬಳಿ ಹೋಗಿ ತಂತಿ ಬಿಗಿ ಮಾಡಿಸಿಕೊಳ್ಳಬೇಕು. ಒಟ್ಟು ಹದಿನೈದು ಇಪ್ಪತ್ತು ಭೇಟಿಗಳಾಗುತ್ತವೆ.

ರಾಯಚೂರು ನಗರದಲ್ಲೇ ಮನೆಯಿದ್ದವರಿಗೆ ಒಂದೊಂದು ಭೇಟಿಯೂ ಗಂಟೆ ಎರಡು ಗಂಟೆಯ ಮಾತು. ಮಂತ್ರಾಲಯ ರಸ್ತೆಯ ಯರಗೇರಾದವರಿಗೆ ಅರ್ಧ ದಿನ ಬೇಕು. ಮಾನ್ವಿ, ದೇವದುರ್ಗ ಎರಡೂ ಜಿಲ್ಲಾ ಕೇಂದ್ರದಿಂದ ಸುಮಾರು 50 ಕಿ.ಮೀ. ದೂರದಲ್ಲಿವೆ, ಅಲ್ಲಿನ ಹಳ್ಳಿಗಳಿಂದ ಬರುವವರಿಗೆ ಇಡೀ ದಿನ ಹೋಗುತ್ತದೆ. ಆದ್ದರಿಂದ ಮೊದಲ ಭೇಟಿಯಲ್ಲಿ ಹಲ್ಲಿನ ಪರೀಕ್ಷೆ ಎಷ್ಟು ಮುಖ್ಯವೋ, ಮುಂದಿನ ಎರಡು ವರ್ಷದ ಓಡಾಟ ಮತ್ತು ಹಣದ ಲೆಕ್ಕವೂ ಅಷ್ಟೇ ಮುಖ್ಯ. ಅರ್ಧಕ್ಕೆ ಬಿಟ್ಟ ಚಿಕಿತ್ಸೆಯಿಂದ ಹಲ್ಲು ಮತ್ತೆ ಹಳೆಯ ಜಾಗಕ್ಕೆ ಸರಿಯುವುದುಂಟು. ಕ್ಲಿಪ್ ಸುತ್ತ ಕೊಳೆ ಕಟ್ಟಿ ಹುಳುಕು ಹಿಡಿಯುವುದೂ ಉಂಟು. ಎಲ್ಲವನ್ನೂ ಮೊದಲೇ ಕೂತು ಲೆಕ್ಕ ಹಾಕಿದ ಕುಟುಂಬಕ್ಕೆ ಚಿಕಿತ್ಸೆ ಮುಗಿಸುವುದು ಸುಲಭವಾಗುತ್ತದೆ.

ಯಾವ ವಯಸ್ಸಿಗೆ ತೋರಿಸಬೇಕು

ಮಗುವಿಗೆ 7 ವರ್ಷ ತುಂಬುವ ಹೊತ್ತಿಗೆ ಒಮ್ಮೆ ವಕ್ರದಂತ ತಜ್ಞರಿಗೆ ತೋರಿಸುವುದು ಒಳ್ಳೆಯದು ಎಂಬುದು ಅಮೆರಿಕದ ವಕ್ರದಂತ ತಜ್ಞರ ಸಂಘದ ಸಲಹೆ. ಭಾರತದ ವೈದ್ಯರೂ ಬಹುಮಟ್ಟಿಗೆ ಇದನ್ನೇ ಹೇಳುತ್ತಾರೆ. ಈ ವಯಸ್ಸಿಗೆ ಕಾರಣವಿದೆ. ಮಕ್ಕಳಿಗೆ 20 ಹಾಲು ಹಲ್ಲುಗಳಿರುತ್ತವೆ. ಆರನೆಯ ವರ್ಷದ ಆಸುಪಾಸಿನಲ್ಲಿ ಅವುಗಳ ಹಿಂದೆ ಮೊದಲ ಶಾಶ್ವತ ದವಡೆ ಹಲ್ಲು ಹುಟ್ಟುತ್ತದೆ. ಅದು ಬರುವಾಗ ಯಾವ ಹಾಲು ಹಲ್ಲೂ ಬೀಳುವುದಿಲ್ಲ. ಹಾಗಾಗಿ ಅನೇಕ ಮನೆಗಳಲ್ಲಿ ಅದನ್ನೂ ಹಾಲು ಹಲ್ಲೆಂದೇ ತಿಳಿದು, ಹುಳುಕು ಹಿಡಿದರೂ ‘ಹೇಗೂ ಬೀಳುತ್ತದೆ’ ಎಂದು ಸುಮ್ಮನಾಗುತ್ತಾರೆ. ಬಿದ್ದರೆ ಅದರ ಜಾಗಕ್ಕೆ ಬೇರೆ ಹಲ್ಲು ಬರುವುದಿಲ್ಲ. ಇಡೀ ಬಾಯಿಯ ಕಚ್ಚುವಿಕೆ ನಿಂತಿರುವುದೇ ಈ ಹಲ್ಲಿನ ಮೇಲೆ. ಅಮೆರಿಕದ ವೈದ್ಯ ಎಡ್ವರ್ಡ್ ಆಂಗಲ್ 1899ರಲ್ಲಿ ವಕ್ರದಂತಗಳನ್ನು ಮೂರು ವರ್ಗ ಮಾಡಿದ್ದೂ ಮೇಲಿನ ಮತ್ತು ಕೆಳಗಿನ ಈ ದವಡೆ ಹಲ್ಲುಗಳು ಹೇಗೆ ಕೂಡುತ್ತವೆ ಎಂಬುದನ್ನು ನೋಡಿಯೇ. ಇಂದಿಗೂ ವೈದ್ಯರು ಚೀಟಿಯಲ್ಲಿ ‘ಕ್ಲಾಸ್ 1’, ‘ಕ್ಲಾಸ್ 2’, ‘ಕ್ಲಾಸ್ 3’ ಎಂದು ಬರೆಯುವುದು ಇದೇ ವರ್ಗೀಕರಣವನ್ನು. ದವಡೆ ಹಲ್ಲುಗಳು ಸರಿಯಾಗಿ ಕೂಡಿದ್ದು ಮುಂದಿನ ಹಲ್ಲುಗಳಷ್ಟೇ ಸೊಟ್ಟಗಿದ್ದರೆ ಮೊದಲನೆಯದು. ಕೆಳಗಿನ ದವಡೆ ಹಲ್ಲು ಹಿಂದೆ ಸರಿದಿದ್ದರೆ ಎರಡನೆಯದು. ಮುಂದೆ ಬಂದಿದ್ದರೆ ಮೂರನೆಯದು.

ಏಳನೆಯ ವರ್ಷಕ್ಕೆ ತೋರಿಸಿದ ಮಾತ್ರಕ್ಕೆ ಆಗಲೇ ಕ್ಲಿಪ್ ಬೀಳುತ್ತದೆ ಎಂದಲ್ಲ. ಬಹಳಷ್ಟು ಮಕ್ಕಳಿಗೆ ವೈದ್ಯರು ‘ಆರು ತಿಂಗಳು ಬಿಟ್ಟು ಬನ್ನಿ’ ಎಂದು ಕಳಿಸುತ್ತಾರೆ. ಎಂಟರಿಂದ ಹನ್ನೊಂದು ವರ್ಷದ ನಡುವೆ ಮೇಲಿನ ಮುಂದಿನ ಹಲ್ಲುಗಳ ನಡುವೆ ಸಂದು ಬಿದ್ದು, ಹಲ್ಲು ಅಗಲಿ ಕಾಣುವುದು ಸಹಜ. ಕೋರೆ ಹಲ್ಲು ಇಳಿದ ಮೇಲೆ ಅನೇಕ ಮಕ್ಕಳಲ್ಲಿ ಆ ಸಂದು ತಾನಾಗಿ ಮುಚ್ಚುತ್ತದೆ. ಪೂರ್ತಿ ಸಾಲಿಗೆ ಕ್ಲಿಪ್ ಹಾಕುವುದು ಹೆಚ್ಚಾಗಿ 11ರಿಂದ 14 ವರ್ಷದೊಳಗೆ, ಹಾಲು ಹಲ್ಲುಗಳೆಲ್ಲ ಬಿದ್ದ ಮೇಲೆ.

ತಡಮಾಡದೆ ತೋರಿಸಬೇಕಾದ ಲಕ್ಷಣಗಳು ಬೇರೆ ಇವೆ. ಬಾಯಿ ಮುಚ್ಚಿದಾಗ ಕೆಳಗಿನ ಹಲ್ಲು ಮೇಲಿನ ಹಲ್ಲಿಗಿಂತ ಮುಂದೆ ಬರುವುದು, ಕಚ್ಚುವಾಗ ಗದ್ದ ಒಂದು ಪಕ್ಕಕ್ಕೆ ಜರಗುವುದು, ಮೇಲಿನ ಹಲ್ಲು ಬಹಳ ಉಬ್ಬಿ ತುಟಿ ಮುಚ್ಚಲಾರದಿರುವುದು ಇವುಗಳಲ್ಲಿ ಮುಖ್ಯ. ಉಬ್ಬಿದ ಹಲ್ಲು ಆಟದಲ್ಲಿ ಬಿದ್ದಾಗ ಮೊದಲು ಮುರಿಯುತ್ತದೆ. ನಾಲ್ಕು ವರ್ಷ ದಾಟಿದ ಮೇಲೂ ಬೆರಳು ಚೀಪುತ್ತಿದ್ದರೆ, ಹುಳುಕಿನಿಂದ ಹಾಲು ದವಡೆ ಹಲ್ಲನ್ನು ಅವಧಿಗೆ ಮೊದಲೇ ಕೀಳಿಸಿದ್ದರೆ ಆಗಲೂ ತೋರಿಸಬೇಕು. ಕಿತ್ತ ಜಾಗವನ್ನು ಕಾಯಲು ಸಣ್ಣದೊಂದು ತಂತಿಯ ಸಾಧನ ಹಾಕಿದರೆ ಮುಂದಿನ ದೊಡ್ಡ ಚಿಕಿತ್ಸೆ ಹಗುರಾಗುತ್ತದೆ. ಸದಾ ಬಾಯಿ ತೆರೆದು ಉಸಿರಾಡುವ, ಗೊರಕೆ ಹೊಡೆಯುವ ಮಗುವನ್ನು ಕಿವಿ-ಮೂಗು-ಗಂಟಲು ವೈದ್ಯರಿಗೂ ತೋರಿಸಬೇಕು. ಮೂಗಿನ ಹಿಂದಿನ ಅಡಿನಾಯ್ಡ್ ಗಡ್ಡೆ ದಪ್ಪಗಾಗಿರುವುದು ಇದಕ್ಕೊಂದು ಕಾರಣ.

ಸೀಳು ತುಟಿ, ಸೀಳು ಅಂಗುಳ ಇರುವ ಮಕ್ಕಳು ಏಳು ವರ್ಷದವರೆಗೆ ಕಾಯುವಂತಿಲ್ಲ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳಿಗೆ ಬಂದು ಮಕ್ಕಳನ್ನು ಪರೀಕ್ಷಿಸುತ್ತವೆ. ಸೀಳು ತುಟಿ, ಸೀಳು ಅಂಗುಳ, ಹುಳುಕು ಹಲ್ಲು ಮೂರೂ ಆ ಪರೀಕ್ಷೆಯ ಪಟ್ಟಿಯಲ್ಲಿವೆ. ಆ ತಂಡ ಬರೆದುಕೊಟ್ಟ ಚೀಟಿಯನ್ನು ಜೋಪಾನವಾಗಿಟ್ಟು ಮುಂದಿನ ಆಸ್ಪತ್ರೆಗೆ ಒಯ್ಯಬೇಕು.

ಎಲ್ಲಿ, ಯಾರಿಗೆ ತೋರಿಸಬೇಕು

ಎಲ್ಲ ದಂತವೈದ್ಯರೂ ಇಂಟರ್ನ್‌ಶಿಪ್ ಸೇರಿ 5 ವರ್ಷದ ಬಿಡಿಎಸ್ ಓದಿರುತ್ತಾರೆ. ಅದರ ಮೇಲೆ 3 ವರ್ಷ ಇದೊಂದೇ ವಿಷಯದಲ್ಲಿ ಎಂಡಿಎಸ್ ಮಾಡಿದವರು ವಕ್ರದಂತ ತಜ್ಞರು. ಫಲಕದಲ್ಲಿ ‘ಆರ್ಥೊಡಾಂಟಿಸ್ಟ್’ ಎಂದು ಬರೆದಿರುತ್ತದೆ. ರಾಯಚೂರಿನಲ್ಲಿ ಎಎಂಇ ದಂತ ಕಾಲೇಜು ಮತ್ತು ನವೋದಯ ದಂತ ಕಾಲೇಜುಗಳಿವೆ. ನವೋದಯ ಮಂತ್ರಾಲಯ ರಸ್ತೆಯಲ್ಲೇ ಇರುವುದರಿಂದ ಯರಗೇರಾ ಕಡೆಯವರಿಗೆ ದಾರಿಯಲ್ಲೇ ಸಿಗುತ್ತದೆ. ದಂತ ಕಾಲೇಜು ಎಂದ ಮೇಲೆ ಅಲ್ಲಿ ವಕ್ರದಂತ ವಿಭಾಗ ಇರಲೇಬೇಕು. ಕಾಲೇಜು ಆಸ್ಪತ್ರೆಗಳಲ್ಲಿ ಪ್ರಾಧ್ಯಾಪಕರ ಉಸ್ತುವಾರಿಯಲ್ಲಿ ಸ್ನಾತಕೋತ್ತರ ವಿದ್ಯಾರ್ಥಿ ವೈದ್ಯರು ಚಿಕಿತ್ಸೆ ನೀಡುವುದು ವಾಡಿಕೆ. ಖರ್ಚು ಸಾಮಾನ್ಯವಾಗಿ ಖಾಸಗಿ ಕ್ಲಿನಿಕ್‌ಗಿಂತ ಕಡಿಮೆ, ಕಾಯುವ ಹೊತ್ತು ಹೆಚ್ಚು. ವಿದ್ಯಾರ್ಥಿ ವೈದ್ಯರು ಕೋರ್ಸ್ ಮುಗಿಸಿ ಹೋದರೆ ಮಗುವಿನ ಚಿಕಿತ್ಸೆ ಯಾರ ಕೈಗೆ ಬರುತ್ತದೆ ಎಂದು ಮೊದಲೇ ಕೇಳಿಟ್ಟುಕೊಳ್ಳಬೇಕು. ಖಾಸಗಿ ಕ್ಲಿನಿಕ್‌ಗಳಲ್ಲಿ ತಜ್ಞರು ವಾರಕ್ಕೊಮ್ಮೆಯೋ ತಿಂಗಳಿಗೆರಡು ಬಾರಿಯೋ ಬಂದುಹೋಗುವ ಪದ್ಧತಿಯಿದ್ದರೆ, ಅವರು ಬರುವ ದಿನ ಯಾವುದು, ನಡುವೆ ತಂತಿ ಕಿತ್ತರೆ ಯಾರು ನೋಡುತ್ತಾರೆ ಎಂಬುದೂ ಗೊತ್ತಿರಬೇಕು.

ಮಾನ್ವಿ, ದೇವದುರ್ಗದ ತಾಲ್ಲೂಕು ಆಸ್ಪತ್ರೆಗಳನ್ನು ಮರೆಯಬಾರದು. ಹುಳುಕು ತುಂಬಿಸುವುದು, ಕೆಟ್ಟ ಹಲ್ಲು ಕೀಳಿಸುವುದು ಮುಂತಾದ ಕೆಲಸಗಳಿಗೆ ಸಮೀಪದ ದಂತವೈದ್ಯರು ಸಾಕು. ಹುಳುಕು ಇದ್ದ ಬಾಯಿಗೆ ಯಾವ ತಜ್ಞರೂ ಕ್ಲಿಪ್ ಹಾಕುವುದಿಲ್ಲ. ಮೊದಲ ಭೇಟಿಗೆ ಮುಂಚೆಯೇ ಈ ಕೆಲಸ ಮುಗಿದಿದ್ದರೆ ರಾಯಚೂರಿಗೆ ಎರಡು ಮೂರು ಸಲ ಓಡಾಡುವುದು ಉಳಿಯುತ್ತದೆ.

ಎರಡು ದಾರಿಗಳಿಂದ ದೂರವಿರಬೇಕು. ಸಂದು ಮುಚ್ಚಲೆಂದು ಹಲ್ಲುಗಳ ಸುತ್ತ ರಬ್ಬರ್ ಬ್ಯಾಂಡ್ ಸುತ್ತುವುದು ಒಂದು. ಆ ರಬ್ಬರ್ ವಸಡಿನೊಳಗೆ ಜಾರಿ, ಬೇರಿನ ಸುತ್ತಲ ಮೂಳೆಯನ್ನು ಕರಗಿಸಿ, ಒಳ್ಳೆಯ ಹಲ್ಲನ್ನೇ ಬೀಳಿಸುತ್ತದೆ. ಬಾಯಿ ಪರೀಕ್ಷಿಸದೆ, ಎಕ್ಸ್-ರೇ ನೋಡದೆ, ಮೊಬೈಲಿನಲ್ಲಿ ಕಳಿಸಿದ ಫೋಟೊ ನಂಬಿ ಸಾಧನ ಮಾಡಿಕೊಡುತ್ತೇವೆ ಎನ್ನುವವರ ಬಳಿ ಹೋಗುವುದು ಇನ್ನೊಂದು.

ದಿನ ಗೊತ್ತುಮಾಡುವುದು

ಕಾಲೇಜು ಆಸ್ಪತ್ರೆಗಳ ಹೊರರೋಗಿ ವಿಭಾಗ ಬೆಳಿಗ್ಗೆಯೇ ತೆರೆಯುತ್ತದೆ. ಭಾನುವಾರ, ಸರ್ಕಾರಿ ರಜೆಗಳಂದು ಬಾಗಿಲು ಮುಚ್ಚಿರುತ್ತದೆ. ಚೀಟಿ ಮಾಡಿಸಿ, ಮೊದಲು ಸಾಮಾನ್ಯ ತಪಾಸಣೆ ಮುಗಿಸಿ, ಆಮೇಲೆ ವಕ್ರದಂತ ವಿಭಾಗಕ್ಕೆ ಹೋಗಬೇಕಾಗುವುದರಿಂದ ಬೆಳಗಿನ ಮೊದಲ ಬಸ್ಸುಗಳಲ್ಲಿ ಬಂದವರಿಗೆ ಅನುಕೂಲ. ಖಾಸಗಿ ಕ್ಲಿನಿಕ್‌ಗೆ ಹೋಗುವವರು ಹಿಂದಿನ ದಿನವೇ ಫೋನ್ ಮಾಡಿ ಸಮಯ ಪಡೆಯಬೇಕು. ಆಗಲೇ ಮಗುವಿನ ವಯಸ್ಸು, ತೊಂದರೆ, ಬರುವ ಊರು ಹೇಳಿ, ಪರೀಕ್ಷೆ, ಎಕ್ಸ್-ರೇ, ಅಳತೆ ಮೂರನ್ನೂ ಒಂದೇ ದಿನ ಮುಗಿಸಲಾದೀತೇ ಎಂದು ಕೇಳಬೇಕು. ದೂರದಿಂದ ಬರುವವರಿಗೆ ಈ ಒಂದು ಪ್ರಶ್ನೆ ಒಂದು ದಿನದ ಕೂಲಿ ಉಳಿಸುತ್ತದೆ.

ಮೊದಲ ಭೇಟಿಗೆ ಬೇಸಿಗೆ ರಜೆ ಇಲ್ಲವೆ ದಸರಾ ರಜೆ ಒಳ್ಳೆಯ ಕಾಲ. ಕ್ಲಿಪ್ ಕೂರಿಸಿದ ಮೊದಲ ಮೂರು ನಾಲ್ಕು ದಿನ ಹಲ್ಲು ನೋಯುತ್ತದೆ, ಕೆನ್ನೆಯ ಒಳಭಾಗ ತರಚುತ್ತದೆ. ಪರೀಕ್ಷೆಯ ವಾರದಲ್ಲಿ ಅದು ಬೇಡ. ಎಸ್‌ಎಸ್‌ಎಲ್‌ಸಿಗೆ ಬರುವ ಹೊತ್ತಿಗೆ ಚಿಕಿತ್ಸೆ ಮುಗಿಯಬೇಕೆಂದಿದ್ದರೆ ಏಳನೆಯ ತರಗತಿಯಲ್ಲೇ ಶುರುಮಾಡುವ ಬಗ್ಗೆ ವೈದ್ಯರೊಡನೆ ಮಾತಾಡಬೇಕು. ಬೇಸಾಯದ ಮನೆಗಳಿಗೆ ಇನ್ನೊಂದು ಲೆಕ್ಕವಿದೆ. ಹತ್ತಿ ಬಿಡಿಸುವ, ಭತ್ತ ಕೊಯ್ಯುವ ದಿನಗಳಲ್ಲಿ ಮನೆಯ ದೊಡ್ಡವರಿಗೆ ಬಿಡುವಿರುವುದಿಲ್ಲ. ಆ ತಿಂಗಳುಗಳ ಭೇಟಿಗೆ ಮಗುವನ್ನು ಕರೆದೊಯ್ಯುವವರು ಅಜ್ಜಿಯೋ, ಚಿಕ್ಕಮ್ಮನೋ ಎಂದು ಮೊದಲೇ ತೀರ್ಮಾನಿಸಿರಬೇಕು. ಮೊದಲ ಭೇಟಿಗೆ ಮಾತ್ರ ತಂದೆ ಅಥವಾ ತಾಯಿ ಬರಲೇಬೇಕು. ಒಪ್ಪಿಗೆ ಪತ್ರಕ್ಕೆ ಅವರ ಸಹಿ ಬೇಕು.

2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಿಂದ ಕಲ್ಯಾಣ ಕರ್ನಾಟಕ ಸಾರಿಗೆಯ ಸಾಮಾನ್ಯ ಬಸ್ಸುಗಳಲ್ಲಿ ತಾಯಿಗೂ ಹೆಣ್ಣುಮಗುವಿಗೂ ಟಿಕೆಟ್ ಹಣವಿಲ್ಲ. ಗಂಡುಮಗುವಿಗೆ ಟಿಕೆಟ್ ಕೊಳ್ಳಬೇಕು. ಅಂತರರಾಜ್ಯ ಬಸ್ಸುಗಳಿಗೆ ಈ ಸೌಲಭ್ಯ ಅನ್ವಯಿಸುವುದಿಲ್ಲ. ಮಂತ್ರಾಲಯ ಆಂಧ್ರಪ್ರದೇಶದಲ್ಲಿರುವುದರಿಂದ ಯರಗೇರಾದವರು ಬಸ್ಸು ಹತ್ತುವ ಮೊದಲು ಅದು ಎಲ್ಲಿಂದ ಬರುತ್ತಿದೆ ಎಂದು ವಿಚಾರಿಸಬೇಕು.

ಮನೆಯಲ್ಲಿ ಆಗಬೇಕಾದ ತಯಾರಿ

ಮಗುವಿನ ಆಧಾರ್ ಕಾರ್ಡ್, ರೇಷನ್ ಕಾರ್ಡಿನ ಪ್ರತಿ, ಹಿಂದಿನ ಹಲ್ಲಿನ ಚೀಟಿಗಳು, ಎಕ್ಸ್-ರೇ ಇದ್ದರೆ ಅವು ಒಂದೇ ಚೀಲದಲ್ಲಿರಬೇಕು. ವೈದ್ಯರು ಕೇಳುವ ಪ್ರಶ್ನೆಗಳಿಗೆ ಉತ್ತರ ಮೊದಲೇ ನೆನಪು ಮಾಡಿಕೊಂಡು ಒಂದು ಹಾಳೆಯಲ್ಲಿ ಬರೆದಿಟ್ಟರೆ ಒಳ್ಳೆಯದು. ಮಗುವಿಗೆ ಉಬ್ಬಸ, ಮೂರ್ಛೆ ರೋಗ, ಹೃದಯದ ತೊಂದರೆ ಇದೆಯೇ? ಗಾಯವಾದರೆ ರಕ್ತ ಬೇಗ ನಿಲ್ಲುತ್ತದೆಯೇ? ಯಾವುದಾದರೂ ಔಷಧಿ, ಲೋಹ, ರಬ್ಬರ್ ಮೈಗೆ ಒಗ್ಗುವುದಿಲ್ಲವೇ? ಕ್ಲಿಪ್ಪಿನ ಲೋಹದಲ್ಲಿ ನಿಕ್ಕಲ್ ಇರುವುದರಿಂದ, ಅಗ್ಗದ ಲೋಹದ ಒಡವೆ ಹಾಕಿದರೆ ಕಿವಿ ತುರಿಸುವ ಮಗುವಿನ ವಿಷಯ ಹೇಳಲೇಬೇಕು. ಹಲ್ಲಿಗೆ ಎಂದಾದರೂ ಪೆಟ್ಟು ಬಿದ್ದಿತ್ತೇ, ತಂದೆ ತಾಯಿಗಳಲ್ಲಿ ಯಾರಿಗಾದರೂ ಗದ್ದ ಮುಂದೆ ಬಂದಿದೆಯೇ ಎಂದೂ ಕೇಳುತ್ತಾರೆ. ದವಡೆಯ ಆಕಾರ ವಂಶದಲ್ಲಿ ಬರುತ್ತದೆ.

ಮಗುವಿಗೆ ನಿಜ ಹೇಳಬೇಕು. ಮೊದಲ ದಿನ ಸಾಮಾನ್ಯವಾಗಿ ಚುಚ್ಚುಮದ್ದು ಇರುವುದಿಲ್ಲ, ಹಲ್ಲು ಕೀಳುವುದಿಲ್ಲ, ಕ್ಲಿಪ್ಪೂ ಹಾಕುವುದಿಲ್ಲ. ಬಾಯಿ ನೋಡುತ್ತಾರೆ, ಫೋಟೊ ತೆಗೆಯುತ್ತಾರೆ, ಅಳತೆ ತೆಗೆದುಕೊಳ್ಳುತ್ತಾರೆ. ‘ಹಠ ಮಾಡಿದರೆ ಡಾಕ್ಟರು ಸೂಜಿ ಚುಚ್ಚುತ್ತಾರೆ’ ಎಂದು ಮನೆಯಲ್ಲಿ ಹೆದರಿಸಿದ ಮಗು ಕುರ್ಚಿಯಲ್ಲಿ ಬಾಯಿ ತೆರೆಯುವುದಿಲ್ಲ. ಎರಡು ವರ್ಷ ಅದೇ ಕುರ್ಚಿಯಲ್ಲಿ ಕೂರಬೇಕಾದ ಮಗುವಿಗೆ ಮೊದಲ ದಿನವೇ ಭಯ ಹುಟ್ಟಿಸಬಾರದು.

ಹೊರಡುವ ಮುನ್ನ ಹಲ್ಲುಜ್ಜಿಸಿ, ಹಗುರವಾಗಿ ತಿನ್ನಿಸಬೇಕು. ಹೊಟ್ಟೆ ತುಂಬ ಒಗ್ಗಾಣಿ, ಮಿರ್ಚಿ ತಿಂದು ಅಳತೆಗೆ ಕುಳಿತರೆ ಓಕರಿಕೆ ಬರುತ್ತದೆ. ಕಿವಿಯೋಲೆ, ಮೂಗುಬೊಟ್ಟು, ಸರ, ತಲೆಪಿನ್ನುಗಳನ್ನು ಮನೆಯಲ್ಲೇ ಬಿಚ್ಚಿಟ್ಟು ಬರುವುದು ಲೇಸು. ಎಕ್ಸ್-ರೇ ಚಿತ್ರದಲ್ಲಿ ಲೋಹ ಬಿಳಿಯಾಗಿ ಮೂಡಿ ಹಲ್ಲನ್ನು ಮರೆಮಾಡುತ್ತದೆ.

ಆ ದಿನ ನಡೆಯುವುದೇನು

ಮೊದಲು ವೈದ್ಯರು ಮಗುವಿನ ಮುಖವನ್ನು ಎದುರಿನಿಂದಲೂ ಪಕ್ಕದಿಂದಲೂ ನೋಡುತ್ತಾರೆ. ತುಟಿ ತಾನಾಗಿ ಮುಚ್ಚುತ್ತದೆಯೇ, ನುಂಗುವಾಗ ನಾಲಿಗೆ ಹಲ್ಲನ್ನು ಮುಂದಕ್ಕೆ ತಳ್ಳುತ್ತದೆಯೇ, ಬಾಯಿ ತೆರೆಯುವಾಗ ದವಡೆಯ ಕೀಲು ಸದ್ದು ಮಾಡುತ್ತದೆಯೇ ಎಂದು ಗಮನಿಸುತ್ತಾರೆ. ಆಮೇಲೆ ಸಣ್ಣ ಕನ್ನಡಿಯಿಂದ ಒಂದೊಂದೇ ಹಲ್ಲು ಎಣಿಸುತ್ತಾರೆ.

ಎಕ್ಸ್-ರೇಗಳಲ್ಲಿ ಮುಖ್ಯವಾದವು ಎರಡು. ಒಪಿಜಿ ಎಂಬುದರಲ್ಲಿ ಮಗು ಗದ್ದವನ್ನು ಒಂದು ಪಟ್ಟಿಯ ಮೇಲಿಟ್ಟು, ಮುಂದಿನ ಹಲ್ಲಿನಿಂದ ಸಣ್ಣ ಕಡ್ಡಿಯೊಂದನ್ನು ಕಚ್ಚಿ ನಿಲ್ಲುತ್ತದೆ. ಯಂತ್ರ ತಲೆಯ ಸುತ್ತ ಒಂದು ಸುತ್ತು ಬರುತ್ತದೆ. ಕೆಲವೇ ಸೆಕೆಂಡುಗಳ ಕೆಲಸ. ಆಗ ಅಲುಗಾಡಿದರೆ ಚಿತ್ರ ಕೆಡುತ್ತದೆ. ಇನ್ನೂ ವಸಡಿನೊಳಗೆ ಅಡಗಿರುವ ಹಲ್ಲು, ಹುಟ್ಟಿನಿಂದಲೇ ಇಲ್ಲದ ಹಲ್ಲು, ಅಡ್ಡ ಬಿದ್ದ ಕೋರೆ ಹಲ್ಲು ಎಲ್ಲವೂ ಇದರಲ್ಲಿ ಕಾಣುತ್ತವೆ. ಇನ್ನೊಂದು, ತಲೆಯನ್ನು ಪಕ್ಕದಿಂದ ತೆಗೆಯುವ ಚಿತ್ರ. ತೊಂದರೆ ಹಲ್ಲಿನದೋ ದವಡೆ ಮೂಳೆಯದೋ ಎಂದು ತಿಳಿಯಲು ಇದು ಬೇಕು. ಎರಡರಲ್ಲೂ ವಿಕಿರಣ ಅತಿ ಕಡಿಮೆ. ಈಚೆಗೆ ತೆಗೆಸಿದ ಚಿತ್ರ ಕೈಯಲ್ಲಿದ್ದರೆ ಮತ್ತೆ ತೆಗೆಸುವ ಅಗತ್ಯವಿದೆಯೇ ಎಂದು ಕೇಳಬಹುದು.

ಅಳತೆ ತೆಗೆಯುವಾಗ ಮಕ್ಕಳು ಹೆಚ್ಚು ಕಸಿವಿಸಿಗೊಳ್ಳುತ್ತಾರೆ. ಪುಡಿಯನ್ನು ನೀರಿನಲ್ಲಿ ಕಲಸಿ, ಹಲ್ಲಿನ ಸಾಲಿನ ಆಕಾರದ ತಟ್ಟೆಯಲ್ಲಿ ತುಂಬಿ, ಬಾಯಲ್ಲಿಟ್ಟು ಗಟ್ಟಿಯಾಗುವ ತನಕ ಹಿಡಿಯುತ್ತಾರೆ. ಒಂದೆರಡು ನಿಮಿಷ ಸಾಕು. ಮಗು ನೆಟ್ಟಗೆ ಕುಳಿತು, ತಲೆ ಸ್ವಲ್ಪ ಮುಂದೆ ಬಾಗಿಸಿ, ಮೂಗಿನಿಂದ ನಿಧಾನವಾಗಿ ಉಸಿರಾಡಿದರೆ ಓಕರಿಕೆ ಬಾರದು. ಕಾಲ್ಬೆರಳು ಆಡಿಸಲು ಹೇಳಿದರೆ ಗಮನ ಬೇರೆಡೆ ಹೋಗುತ್ತದೆ. ಆ ಅಚ್ಚಿಗೆ ಬಿಳಿ ಪ್ಲಾಸ್ಟರ್ ಹೊಯ್ದು ಮಗುವಿನ ಹಲ್ಲಿನ ಮಾದರಿ ಮಾಡುತ್ತಾರೆ. ಈಗ ಕೆಲವೆಡೆ ಅಚ್ಚಿನ ಬದಲು ಸ್ಕ್ಯಾನರ್ ಬಳಸುತ್ತಾರೆ.

ಈ ದಾಖಲೆಗಳನ್ನೆಲ್ಲ ಕೂಡಿಸಿ ನೋಡಿ, ಯೋಜನೆಯನ್ನು ಹೆಚ್ಚಾಗಿ ಎರಡನೆಯ ಭೇಟಿಯಲ್ಲಿ ಹೇಳುತ್ತಾರೆ. ಜಾಗಕ್ಕಾಗಿ ಒಳ್ಳೆಯ ಹಲ್ಲು ಕೀಳಬೇಕು ಎಂದರೆ ಪೋಷಕರಿಗೆ ಗಾಬರಿಯಾಗುವುದು ಸಹಜ. ದವಡೆಯಲ್ಲಿ ಜಾಗ ಸಾಲದೆ ಹೋದಾಗ ಹೀಗೆ ಮಾಡುವುದುಂಟು. ಕೀಳದೆ ಸಾಗುವ ದಾರಿ ಇದೆಯೇ, ಕಿತ್ತರೆ ಆಗುವ ಲಾಭವೇನು ಎಂದು ಪ್ಲಾಸ್ಟರ್ ಮಾದರಿಯನ್ನು ಮುಂದಿಟ್ಟುಕೊಂಡೇ ವಿವರಿಸಲು ಕೇಳಬೇಕು. ಒಪ್ಪಿಗೆಯಾಗದಿದ್ದರೆ ಇನ್ನೊಬ್ಬ ತಜ್ಞರ ಅಭಿಪ್ರಾಯ ಪಡೆಯುವುದರಲ್ಲಿ ತಪ್ಪೇನಿಲ್ಲ.

ನೀರಿನ ಮಾತು

ರಾಯಚೂರು ಜಿಲ್ಲೆಯ ಹಲವು ಹಳ್ಳಿಗಳ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಿದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಒಪ್ಪಬಹುದು ಎಂಬುದು ಭಾರತೀಯ ಮಾನಕ. ಹಲ್ಲು ವಸಡಿನೊಳಗೆ ರೂಪುಗೊಳ್ಳುವ ಮೊದಲ ಎಂಟು ವರ್ಷದಲ್ಲಿ ಇದಕ್ಕಿಂತ ಹೆಚ್ಚು ಫ್ಲೋರೈಡ್ ಒಳಹೋದರೆ ಹಲ್ಲಿನ ಮೇಲೆ ಬಿಳಿ, ಹಳದಿ, ಕಂದು ಪಟ್ಟೆಗಳು ಮೂಡುತ್ತವೆ. ಕ್ಲಿಪ್ಪಿಗೂ ಇದಕ್ಕೂ ಸಂಬಂಧವಿದೆ. ಕ್ಲಿಪ್ ಅಂಟಿಸುವ ಮೊದಲು ಹಲ್ಲಿನ ಹೊರಪದರವನ್ನು ಆಮ್ಲದಿಂದ ತುಸು ಒರಟು ಮಾಡುತ್ತಾರೆ. ಫ್ಲೋರೈಡ್ ಸೇರಿದ ಪದರಕ್ಕೆ ಆ ಆಮ್ಲ ಸುಲಭವಾಗಿ ನಾಟುವುದಿಲ್ಲ, ಹೀಗಾಗಿ ಕ್ಲಿಪ್ ಪದೇಪದೇ ಕಿತ್ತುಬರುವ ಸಂಭವ ಹೆಚ್ಚು. ಪಟ್ಟೆಯಿದ್ದ ಹಲ್ಲಿಗೂ ಕ್ಲಿಪ್ ಹಾಕಲಾಗುತ್ತದೆ. ಅಂಟಿಸುವಾಗ ಹೆಚ್ಚಿನ ಜಾಗ್ರತೆ ಬೇಕಷ್ಟೇ. ಕುಡಿಯುವುದು ಬೋರ್‌ವೆಲ್ ನೀರೋ, ಶುದ್ಧೀಕರಣ ಘಟಕದ್ದೋ, ಕಾಲುವೆಯದ್ದೋ ಎಂದು ಮೊದಲ ಭೇಟಿಯಲ್ಲೇ ತಿಳಿಸಬೇಕು. ಬಣ್ಣ ಸರಿಪಡಿಸುವುದು ಬೇರೆ ಚಿಕಿತ್ಸೆ, ಅದರ ಖರ್ಚೂ ಬೇರೆ. ಕ್ಲಿಪ್ ತೆಗೆದ ಮೇಲೆ ಹಲ್ಲು ಬೆಳ್ಳಗಾಗುತ್ತದೆ ಎಂದು ಭಾವಿಸಬಾರದು.

ಹಣದ ಲೆಕ್ಕ

‘ಕ್ಲಿಪ್ಪಿಗೆ ಎಷ್ಟಾಗುತ್ತದೆ’ ಎಂಬ ಒಂದೇ ಪ್ರಶ್ನೆಗೆ ಪೂರ್ತಿ ಉತ್ತರ ಸಿಗುವುದಿಲ್ಲ. ಖರ್ಚಿನಲ್ಲಿ ಹಲವು ಭಾಗಗಳಿವೆ: ಚೀಟಿ ಹಣ, ಎಕ್ಸ್-ರೇ ಮತ್ತು ಮಾದರಿ, ಹಲ್ಲು ಸ್ವಚ್ಛತೆ, ಹುಳುಕು ತುಂಬುವುದು, ಕೀಳುವುದು, ಕ್ಲಿಪ್, ಪ್ರತಿ ತಿಂಗಳ ಭೇಟಿ, ಕಿತ್ತುಬಂದ ಕ್ಲಿಪ್ ಮತ್ತೆ ಅಂಟಿಸುವುದು, ಕೊನೆಗೆ ಹಲ್ಲು ಹಿಂದೆ ಸರಿಯದಂತೆ ಹಾಕುವ ರಿಟೇನರ್. ಹೇಳಿದ ಮೊತ್ತದಲ್ಲಿ ಇವುಗಳಲ್ಲಿ ಯಾವುದು ಸೇರಿದೆ, ಯಾವುದು ಸೇರಿಲ್ಲ ಎಂದು ಬರೆಸಿಕೊಳ್ಳಬೇಕು. ಲೋಹದ ಕ್ಲಿಪ್ ಎಲ್ಲಕ್ಕಿಂತ ಅಗ್ಗ ಮತ್ತು ಗಟ್ಟಿ. ಹಲ್ಲಿನ ಬಣ್ಣದ ಸೆರಾಮಿಕ್ ಕ್ಲಿಪ್ಪಿಗೂ, ತೆಗೆದು ಹಾಕಬಹುದಾದ ಪಾರದರ್ಶಕ ಅಲೈನರಿಗೂ ದರ ಹೆಚ್ಚು. ಹಳ್ಳಿಯ ಶಾಲಾ ಮಗುವಿಗೆ ಲೋಹದ್ದು ಚೆನ್ನಾಗಿ ನಡೆಯುತ್ತದೆ.

ಹಣವನ್ನು ಕಂತಿನಲ್ಲಿ ಕಟ್ಟುವುದು ವಾಡಿಕೆ. ಒಟ್ಟು 30,000 ರೂಪಾಯಿ ಎಂದುಕೊಂಡರೆ, ಕ್ಲಿಪ್ ಹಾಕುವ ದಿನ 9,000 ಕಟ್ಟಿ ಉಳಿದ 21,000ವನ್ನು ತಿಂಗಳಿಗೆ 1,500ರಂತೆ 14 ಕಂತುಗಳಲ್ಲಿ ತೀರಿಸಬಹುದು. ಹತ್ತಿ, ಭತ್ತ, ಮೆಣಸಿನಕಾಯಿ ಮಾರಿದಾಗ ಮಾತ್ರ ಕೈಯಲ್ಲಿ ದುಡ್ಡಾಡುವ ಮನೆಯವರು ಸುಗ್ಗಿಯ ನಂತರ ದೊಡ್ಡ ಕಂತು, ಉಳಿದ ತಿಂಗಳು ಸಣ್ಣ ಕಂತು ಕಟ್ಟುವ ಅನುಕೂಲ ಕೇಳಿ ನೋಡಬೇಕು. ಈ ಮೊತ್ತಕ್ಕೆ ದಾರಿಖರ್ಚನ್ನೂ, ಜೊತೆಗೆ ಬರುವವರು ಕಳೆದುಕೊಳ್ಳುವ ಕೂಲಿಯನ್ನೂ ಸೇರಿಸಿದರೆ ನಿಜವಾದ ಖರ್ಚು ತಿಳಿಯುತ್ತದೆ. ಕ್ಲಿನಿಕ್ ಮೂಲಕ ಹಣಕಾಸು ಕಂಪನಿಯ ಇಎಂಐ ಪಡೆದರೆ ಅದು ಪೋಷಕರ ಹೆಸರಿನ ಸಾಲ. ಚಿಕಿತ್ಸೆ ನಡುವೆ ನಿಂತರೂ ಕಂತು ನಿಲ್ಲುವುದಿಲ್ಲ. ಬಡ್ಡಿ ಇಲ್ಲವೆಂದಾಗಲೂ ಪ್ರೊಸೆಸಿಂಗ್ ಶುಲ್ಕ ಎಷ್ಟೆಂದು ನೋಡಬೇಕು.

ಆರೋಗ್ಯ ವಿಮೆಗಳು ಸಾಮಾನ್ಯವಾಗಿ ಕ್ಲಿಪ್ ಚಿಕಿತ್ಸೆಗೆ ಹಣ ಕೊಡುವುದಿಲ್ಲ. ರಾಜ್ಯದ ದಂತ ಭಾಗ್ಯ ಯೋಜನೆ ಹಲ್ಲಿಲ್ಲದ ಬಡ ಹಿರಿಯರಿಗೆ ಕಟ್ಟಿದ ಹಲ್ಲು ಕೊಡಿಸಲೆಂದು ಬಂದದ್ದು, ಮಕ್ಕಳ ಕ್ಲಿಪ್ಪಿಗಲ್ಲ. ಆದರೂ ಬಿಪಿಎಲ್ ಕಾರ್ಡಿಗೆ ರಿಯಾಯಿತಿ ಉಂಟೇ ಎಂದು ಕಾಲೇಜು ಆಸ್ಪತ್ರೆಯ ಕೌಂಟರಿನಲ್ಲಿ ಕೇಳಬೇಕು. ಖಾಸಗಿ ಚಿಕಿತ್ಸಾಲಯಗಳು 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿಯಾಗಿರಬೇಕು, ದರಪಟ್ಟಿಯನ್ನು ಕಾಣುವಂತೆ ಇಟ್ಟಿರಬೇಕು. ಕಟ್ಟಿದ ಪ್ರತಿ ಕಂತಿಗೂ ರಸೀದಿ ಪಡೆಯಬೇಕು. ಹಣ ಪಡೆದು ಕೊಡುವ ವೈದ್ಯಕೀಯ ಸೇವೆ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ತೀರ್ಪು ಕೊಟ್ಟಿದೆ. ರಸೀದಿಯಿಲ್ಲದೆ ಆ ಹಕ್ಕನ್ನು ಬಳಸುವುದು ಕಷ್ಟ.

ಗುಳೆ ಹೋಗುವ ಕುಟುಂಬಗಳು

ದೇವದುರ್ಗ, ಮಾನ್ವಿ ಕಡೆಯ ಅನೇಕ ಕುಟುಂಬಗಳು ವರ್ಷದ ಕೆಲವು ತಿಂಗಳು ಬೆಂಗಳೂರಿಗೋ ಬೇರೆ ನಗರಕ್ಕೋ ಗುಳೆ ಹೋಗುತ್ತವೆ. ಈ ವಿಷಯವನ್ನು ಮುಚ್ಚಿಡದೆ ಮೊದಲ ಭೇಟಿಯಲ್ಲೇ ಹೇಳಬೇಕು. ತಿಂಗಳುಗಟ್ಟಲೆ ಯಾರೂ ನೋಡದ ತಂತಿ ಹಲ್ಲನ್ನು ಬೇಡದ ಕಡೆಗೆ ಎಳೆಯಬಹುದು. ಮಗು ಅಜ್ಜ ಅಜ್ಜಿಯ ಬಳಿಯೇ ಉಳಿಯುವುದಾದರೆ ಚಿಕಿತ್ಸೆ ಇಲ್ಲೇ ಮುಂದುವರಿಯಬಹುದು. ಜೊತೆಗೆ ಹೋಗುವುದಾದರೆ ಎಕ್ಸ್-ರೇ, ಮಾದರಿಯ ಫೋಟೊ, ಚಿಕಿತ್ಸಾ ಯೋಜನೆಯ ಪ್ರತಿಗಳನ್ನು ಒಯ್ಯಬೇಕು. ಬೆಂಗಳೂರಿನಲ್ಲಿ 1958ರಿಂದ ಸರ್ಕಾರಿ ದಂತ ಕಾಲೇಜು ಇದೆ. ನಡುವೆ ವೈದ್ಯರನ್ನು ಬದಲಿಸಿದರೆ ಕಟ್ಟಿದ ಹಣದಲ್ಲಿ ಎಷ್ಟು ವಾಪಸಾಗುತ್ತದೆ ಎಂಬುದೂ ಮೊದಲ ದಿನವೇ ಆಗಬೇಕಾದ ಮಾತು. ಎಲ್ಲೂ ಒಂದೆಡೆ ನಿಲ್ಲಲಾಗದ ವರ್ಷಗಳಲ್ಲಿ ತುರ್ತಿಲ್ಲದ ಚಿಕಿತ್ಸೆಯನ್ನು ಮುಂದೂಡುವುದೇ ಮಗುವಿಗೆ ಒಳ್ಳೆಯದು. ಹಲ್ಲು ಮತ್ತು ವಸಡು ಗಟ್ಟಿಯಾಗಿದ್ದರೆ ದೊಡ್ಡವರಾದ ಮೇಲೂ ಹಲ್ಲು ಸರಿಪಡಿಸಬಹುದು.

ಒಪ್ಪುವ ಮೊದಲು

ಕ್ಲಿಪ್ ಹಾಕಿಸಿಕೊಂಡ ಮಗು ಊಟದ ಪದ್ಧತಿ ಬದಲಿಸಬೇಕಾಗುತ್ತದೆ. ಬಿಸಿ ಜೋಳದ ರೊಟ್ಟಿ ತಿನ್ನಬಹುದು, ಕಟಕ ರೊಟ್ಟಿಯನ್ನು ಮುರಿದು ಬೇಳೆಯಲ್ಲಿ ನೆನೆಸಿ ತಿನ್ನಬೇಕು. ಕಬ್ಬು ಸಿಗಿಯುವುದು, ಪೇರಲ ಹಣ್ಣು ಇಡಿಯಾಗಿ ಕಚ್ಚುವುದು, ಹುರಿದ ಶೇಂಗಾ, ಅಂಟುವ ಚಾಕೊಲೇಟು ಬಿಡಬೇಕು. ಪ್ರತಿ ಊಟದ ಮೇಲೂ ಹಲ್ಲುಜ್ಜಬೇಕು. ಕ್ಲಿಪ್ ತೆಗೆದ ಮೇಲೆ ರಿಟೇನರ್ ಹಾಕಿಕೊಳ್ಳುವುದನ್ನು ಬಿಟ್ಟರೆ ಪಟ್ಟ ಶ್ರಮವೆಲ್ಲ ವ್ಯರ್ಥ. ಇದನ್ನೆಲ್ಲ ಮಾಡುವವರು ಪೋಷಕರಲ್ಲ, ಮಗು. ಆದ್ದರಿಂದ ವೈದ್ಯರು ಹೇಳುವಾಗ ಮಗುವೂ ಪಕ್ಕದಲ್ಲಿ ಕುಳಿತು ಕೇಳಬೇಕು, ತನಗೆ ಇದು ಬೇಕೇ ಎಂದು ಅದರ ಬಾಯಿಂದಲೇ ಬರಬೇಕು.

ಮೊದಲ ಭೇಟಿಗಳು ಮುಗಿದು ಕುಟುಂಬ ಊರಿಗೆ ಮರಳುವಾಗ ಐದು ವಿಷಯಗಳು ಕಾಗದದ ಮೇಲಿರಬೇಕು: ಮಗುವಿನ ತೊಂದರೆ ಏನು, ಚಿಕಿತ್ಸೆ ಈಗ ಬೇಕೋ ಕಾಯಬಹುದೋ, ಎಷ್ಟು ತಿಂಗಳು ಹಿಡಿಯುತ್ತದೆ, ಒಟ್ಟು ಎಷ್ಟು ಹಣ ಮತ್ತು ಯಾವ ಕಂತಿನಲ್ಲಿ, ನಡುವೆ ತೊಂದರೆಯಾದರೆ ಯಾರಿಗೆ ಫೋನ್ ಮಾಡಬೇಕು. ಇವುಗಳಲ್ಲಿ ಒಂದು ಸ್ಪಷ್ಟವಾಗದಿದ್ದರೂ ಒಪ್ಪಿಗೆ ಪತ್ರಕ್ಕೆ ಸಹಿ ಮಾಡುವುದನ್ನು ಮುಂದಿನ ಭೇಟಿಗೆ ಇಟ್ಟುಕೊಳ್ಳಬಹುದು.